ಮಾತು ಬಿಟ್ಟರು, ಶ್ರುತಿ ಬಿಡಲಿಲ್ಲ

ಜುಲೈ ಕೊನೆಯ ವಾರ ಬಂತೆಂದರೆ ಮುಂಬಯಿಯ ಉಪನಗರಗಳಲ್ಲಿ ಮೊಹಮ್ಮದ್ ರಫಿ ಹೆಸರಿನ ಸಂಜೆಗಳು ಸಾಲುಗಟ್ಟುತ್ತವೆ. ಮುಲುಂಡ್, ಠಾಣೆ, ವಾಶಿ, ಬೊರಿವಲಿ, ಎಲ್ಲಿ ಒಂದು ಸಣ್ಣ ಸಭಾಂಗಣ ಇದೆಯೋ ಅಲ್ಲೊಂದು ಕಾರ್ಯಕ್ರಮ. ಬ್ಯಾಂಕಿನಿಂದ ನಿವೃತ್ತರಾದವರು, ಹಲ್ಲಿನ ಡಾಕ್ಟರು, ರೈಲ್ವೆ ನೌಕರರು ಕರಾವೋಕೆ ಹಾಕಿಕೊಂಡು ಕಣ್ಣುಮುಚ್ಚಿ ಹಾಡುತ್ತಾರೆ. ಹೊರಗೆ ಮಳೆ, ಒಳಗೆ ಒದ್ದೆ ಕೊಡೆಗಳ ರಾಶಿ. ರಫಿ ತೀರಿಕೊಂಡದ್ದು 1980ರ ಜುಲೈ 31ರಂದು. ಅಂದು ಹುಟ್ಟೇ ಇರದವರೂ ಇಂದು ಅವರ ಹಾಡು ಹಾಡುತ್ತಾರೆ. ಈ ಊರಿಗೆ ಬಂದ ಮೇಲೆ ನಾನೂ ಇಂಥ ಹತ್ತಾರು ಸಂಜೆಗಳಲ್ಲಿ ಕುಳಿತಿದ್ದೇನೆ.

ಈ ಸಂಜೆಗಳಲ್ಲಿ ಯುಗಳಗೀತೆಗಳಿಗೆ ಯಾವಾಗಲೂ ಹೆಚ್ಚು ಚಪ್ಪಾಳೆ. ರಫಿ ಮತ್ತು ಲತಾ ಎಂದು ನಿರೂಪಕರು ಒಂದೇ ಉಸಿರಿನಲ್ಲಿ ಹೇಳುತ್ತಾರೆ, ಶಿವಪಾರ್ವತಿ ಎಂದ ಹಾಗೆ. ಆದರೆ ಹಿಂದಿ ಚಿತ್ರಸಂಗೀತದ ಅತ್ಯಂತ ಹುಲುಸಾದ ಕಾಲದಲ್ಲಿ, 1963ರ ಸುಮಾರಿನಿಂದ 1967ರವರೆಗೆ, ಈ ಇಬ್ಬರೂ ಒಂದೇ ಮೈಕಿನ ಮುಂದೆ ನಿಲ್ಲಲಿಲ್ಲ. ಜಗಳ ಪ್ರೀತಿಯದ್ದಲ್ಲ, ಮತ್ಸರದ್ದೂ ಅಲ್ಲ. ದುಡ್ಡಿನದು. ಇನ್ನೂ ಸರಿಯಾಗಿ ಹೇಳಬೇಕೆಂದರೆ, ದುಡಿದವನಿಗೆ ಸಲ್ಲಬೇಕಾದದ್ದು ಕೂಲಿಯೋ ಪಾಲೋ ಎಂಬ ಪ್ರಶ್ನೆಯದು. ಅಂಧೇರಿಯ ಒಂದು ಕಚೇರಿಯಲ್ಲಿ ಕುಳಿತು ಒಪ್ಪಂದಪತ್ರಗಳನ್ನು ಓದುವುದೇ ನನ್ನ ಹೊಟ್ಟೆಪಾಡಾದ್ದರಿಂದ ರಫಿ ಸಾಹೇಬರ ಬದುಕಿನ ಈ ನಾಲ್ಕು ವರ್ಷ ನನ್ನನ್ನು ಬಿಡದೆ ಕಾಡಿದೆ.

ಅವರೂ ನಮ್ಮ ಹಾಗೆಯೇ ಹೊರಗಿನಿಂದ ಇಲ್ಲಿಗೆ ಬಂದವರು. 1924ರ ಡಿಸೆಂಬರ್ 24ರಂದು ಅಮೃತಸರದ ಹತ್ತಿರದ ಕೋಟ್ಲಾ ಸುಲ್ತಾನ್ ಸಿಂಗ್ ಎಂಬ ಹಳ್ಳಿಯಲ್ಲಿ ಹುಟ್ಟಿದರು. ಮನೆಯಲ್ಲಿ ಫೀಕೋ ಎಂದು ಕರೆಯುತ್ತಿದ್ದರಂತೆ. ಊರಿನ ಬೀದಿಯಲ್ಲಿ ಹಾಡಿಕೊಂಡು ಹೋಗುತ್ತಿದ್ದ ಫಕೀರನೊಬ್ಬನ ಹಿಂದೆ ಹಿಂದೆ ನಡೆದು, ಅವನ ಹಾಡನ್ನೇ ಮರುಹಾಡುತ್ತಾ ಕಲಿತ ಹುಡುಗ ಎಂಬ ಕಥೆ ಎಲ್ಲರಿಗೂ ಗೊತ್ತು. 1930ರ ದಶಕದ ನಡುವೆ ಮನೆಮಂದಿ ಲಾಹೋರಿಗೆ ಹೋದರು. ಅಲ್ಲಿ ಭಾಟಿ ಗೇಟಿನ ಬಳಿ ಮನೆಯವರ ಕ್ಷೌರದಂಗಡಿ. ಉಸ್ತಾದ್ ಅಬ್ದುಲ್ ವಹೀದ್ ಖಾನ್, ಪಂಡಿತ್ ಜೀವನ್‌ಲಾಲ್ ಮಟ್ಟೂ, ಫಿರೋಜ್ ನಿಜಾಮಿ ಇವರ ಬಳಿ ಶಾಸ್ತ್ರೀಯ ಸಂಗೀತದ ಪಾಠವಾಯಿತು. ಹದಿಮೂರರ ವಯಸ್ಸಿನಲ್ಲಿ, ಸೈಗಲ್ ಹಾಡಬೇಕಿದ್ದ ಸಭೆಯೊಂದರಲ್ಲಿ ಕರೆಂಟು ಹೋಗಿ ಜನ ಗದ್ದಲ ಎಬ್ಬಿಸಿದಾಗ ಈ ಹುಡುಗ ಮೈಕಿಲ್ಲದೆ ಹಾಡಿ ಸಭೆಯನ್ನು ಕೂರಿಸಿದ ಎಂದು ಹೇಳುತ್ತಾರೆ. ಸಂಗೀತ ನಿರ್ದೇಶಕ ಶ್ಯಾಮ್‌ಸುಂದರ್ ಅವರ ಕೈಗೆ ಸಿಕ್ಕಿ ಗುಲ್ ಬಲೋಚ್ ಎಂಬ ಪಂಜಾಬಿ ಚಿತ್ರಕ್ಕೆ ಮೊದಲು ಹಾಡಿದ್ದು ಆಮೇಲಿನ ಮಾತು.

1944ರಲ್ಲಿ ಅಣ್ಣನ ಸ್ನೇಹಿತ ಹಮೀದ್ ಅವರ ಜೊತೆ ರಫಿ ಮುಂಬಯಿಗೆ ಬಂದಿಳಿದರು. ಬಿಡಾರ ಹೂಡಿದ್ದು ಭೆಂಡಿ ಬಜಾರಿನಲ್ಲಿ, ಹತ್ತಡಿ ಉದ್ದ ಹತ್ತಡಿ ಅಗಲದ ಒಂದು ಕೋಣೆಯಲ್ಲಿ. ಜೆ.ಜೆ. ಆಸ್ಪತ್ರೆಯ ಕಡೆಯಿಂದ ಮೊಹಮ್ಮದ್ ಅಲಿ ರಸ್ತೆಗೆ ನಡೆದವರಿಗೆ ಆ ಜಾಗ ಗೊತ್ತಿರುತ್ತದೆ. ಈಗ ಅಲ್ಲಿ ಹಳೆಯ ಚಾಳುಗಳನ್ನು ಕೆಡವಿ ಗೋಪುರಗಳನ್ನು ಎಬ್ಬಿಸುತ್ತಿದ್ದಾರೆ. ಅಂಥ ಕೋಣೆಯಲ್ಲಿ ಬೆಳಗಿನ ಜಾವ ಸಾಧನೆ ಮಾಡುವುದೆಂದರೆ ಅಕ್ಕಪಕ್ಕದ ಹತ್ತು ಮನೆಗಳನ್ನು ಎಬ್ಬಿಸಿದಂತೆ. ಮೊದಲ ಬಾರಿ ಮುಂಬಯಿಗೆ ಬಂದು ಪೇಯಿಂಗ್ ಗೆಸ್ಟ್ ಕೋಣೆಯಲ್ಲಿ ಮೂವರ ಜೊತೆ ಮಲಗಿದ ನಮ್ಮ ಯಾವ ಹುಡುಗನಿಗೂ ಈ ಭಾಗವನ್ನು ವಿವರಿಸಬೇಕಾಗಿಲ್ಲ.

ಕವಿ ತನ್ವೀರ್ ನಕ್ವಿ ಅವರು ನಿರ್ಮಾಪಕರಿಗೆ ಪರಿಚಯ ಮಾಡಿಕೊಟ್ಟರು. 1945ರ ಗಾಂವ್ ಕೀ ಗೋರಿ ಚಿತ್ರದಲ್ಲಿ ಹಿಂದಿಯ ಬಾಗಿಲು ತೆರೆಯಿತು. 1946ರ ಶಾಹಜಹಾನ್ ಚಿತ್ರದಲ್ಲಿ ಸೈಗಲ್ ಅವರ ಹಾಡಿನ ಕೋರಸಿನಲ್ಲಿ ನಿಂತು ಎರಡು ಸಾಲು ಹಾಡುವ ಭಾಗ್ಯ ಸಿಕ್ಕಿತು. 1947ರ ಜುಗ್ನು ಚಿತ್ರಕ್ಕೆ ನೂರ್‌ಜಹಾನ್ ಜೊತೆ ಹಾಡಿದ ಹಾಡು ಮನೆಮಾತಾಯಿತು. ಅದರ ಸಂಗೀತ ಲಾಹೋರಿನ ಗುರು ಫಿರೋಜ್ ನಿಜಾಮಿ ಅವರದೇ. ಅದೇ ವರ್ಷ ದೇಶ ಒಡೆಯಿತು. ನೂರ್‌ಜಹಾನ್ ಹೋದರು, ಗುರುವೂ ಹೋದರು. ರಫಿ ಮುಂಬಯಿಯಲ್ಲೇ ಉಳಿದರು. ಮರುವರ್ಷ ಗಾಂಧೀಜಿಯ ಹತ್ಯೆಯಾದಾಗ ರಾಜೇಂದ್ರ ಕೃಷ್ಣ ಬರೆದು ಹುಸ್ನ್‌ಲಾಲ್ ಭಗತ್‌ರಾಮ್ ರಾಗ ಹಾಕಿದ ಶ್ರದ್ಧಾಂಜಲಿ ಗೀತೆಯನ್ನು ಹಾಡಿದವರು ಇವರೇ. ನೆಹರೂ ಅವರು ತಮ್ಮ ಮನೆಗೆ ಕರೆಸಿಕೊಂಡು ಅದನ್ನು ಹಾಡಿಸಿದರು. ಆಗ ರಫಿಗೆ ಇಪ್ಪತ್ತಮೂರು ವರ್ಷ.

ಲತಾ ಮಂಗೇಶ್ಕರ್ ಅವರು ಮುಂಬಯಿಗೆ ಬಂದದ್ದು 1945ರಲ್ಲಿ. ಇಂದೋರಿನಲ್ಲಿ ಹುಟ್ಟಿ, ಹದಿಮೂರು ತುಂಬುವ ಮೊದಲೇ ತಂದೆ ದೀನಾನಾಥರನ್ನು ಕಳೆದುಕೊಂಡು, ತಾಯಿ ಮತ್ತು ನಾಲ್ವರು ಒಡಹುಟ್ಟಿದವರ ಹೊಣೆ ಹೊತ್ತ ಹುಡುಗಿ. 1949ರಲ್ಲಿ ಮಹಲ್, ಬರ್ಸಾತ್, ಅಂದಾಜ್ ಒಂದರ ಹಿಂದೊಂದು ಬಂದವು. ಅಂದಾಜ್‌ನಲ್ಲಿ ನೌಷಾದ್ ಅವರು ರಫಿ ಮತ್ತು ಲತಾ ಇಬ್ಬರನ್ನೂ ಒಟ್ಟಿಗೆ ಹಾಡಿಸಿದರು. 1952ರ ಬೈಜು ಬಾವ್ರಾ ಆದ ಮೇಲೆ ಕೇಳುವುದೇ ಬೇಡ. ಮುಂದಿನ ಹತ್ತು ವರ್ಷ ಹಿಂದಿ ಚಿತ್ರಗಳಲ್ಲಿ ನಾಯಕ ನಾಯಕಿ ಮರ ಸುತ್ತಬೇಕಾದರೆ ಈ ಎರಡು ಕಂಠಗಳು ಬೇಕು ಎಂಬಂತಾಯಿತು.

ಇಲ್ಲಿ ಆಗಿನ ಧ್ವನಿಮುದ್ರಣದ ರೀತಿ ಹೇಳಬೇಕು. ಈಗ ಒಬ್ಬ ಗಾಯಕ ಬೆಂಗಳೂರಿನಲ್ಲಿ, ಇನ್ನೊಬ್ಬಳು ಲಂಡನ್ನಿನಲ್ಲಿ ಹಾಡಿದರೂ ಯುಗಳಗೀತೆ ತಯಾರಾಗುತ್ತದೆ. ಆಗ ಹಾಗಿರಲಿಲ್ಲ. ತಾಡದೇವದಲ್ಲೋ ಬಾಂದ್ರಾದಲ್ಲೋ ಒಂದು ಸ್ಟುಡಿಯೋ. ಒಳಗೆ ಹತ್ತಾರು ವಾದ್ಯಗಾರರು, ಅವರಲ್ಲಿ ಬಹಳ ಮಂದಿ ಗೋವಾದವರು, ಮುಂದೆ ಸ್ವರಲಿಪಿಯ ಹಾಳೆ. ಗಾಯಕ ಗಾಯಕಿ ಮೈಕಿನ ಮುಂದೆ ನಿಂತು, ಪೂರ್ತಿ ಹಾಡನ್ನು ವಾದ್ಯಮೇಳದ ಜೊತೆಯಲ್ಲೇ ಹಾಡಬೇಕು. ಒಬ್ಬ ಪಿಟೀಲಿನವನ ಬೆರಳು ತಪ್ಪಿದರೂ ಮೊದಲಿನಿಂದ ಶುರು. ಒಬ್ಬರ ಉಸಿರು ಮುಗಿಯುವ ಜಾಗದಲ್ಲಿ ಇನ್ನೊಬ್ಬರು ಎತ್ತಿಕೊಳ್ಳಬೇಕು. ಕಣ್ಣಿನಲ್ಲೇ ಸನ್ನೆ. ಮಾತು ಬಿಟ್ಟ ಇಬ್ಬರು ಆ ಕೋಣೆಯಲ್ಲಿ ನಿಲ್ಲುವುದು ಆಗದ ಮಾತು. ಆದ್ದರಿಂದಲೇ ಇವರಿಬ್ಬರ ಮುನಿಸು ಬರೀ ಮುನಿಸಾಗಿ ಉಳಿಯಲಿಲ್ಲ. ಇಡೀ ಉದ್ಯಮದ ಲೆಕ್ಕಾಚಾರ ಏರುಪೇರಾಯಿತು.

ಜಗಳದ ಬೇರು ಹೀಗಿದೆ. ಗಾಯಕರಿಗೆ ಒಂದು ಹಾಡಿಗೆ ಇಷ್ಟು ಎಂದು ದುಡ್ಡು. ಹಾಡಿ, ದುಡ್ಡು ಎಣಿಸಿಕೊಂಡು ಹೊರಟರೆ ಸಂಬಂಧ ಮುಗಿಯಿತು. ಹಾಡಿನ ತಟ್ಟೆಗಳು ಲಕ್ಷಗಟ್ಟಲೆ ಮಾರಾಟವಾದರೂ, ರೇಡಿಯೋದಲ್ಲಿ ಇಪ್ಪತ್ತು ವರ್ಷ ಮೊಳಗಿದರೂ ಹಾಡಿದವರಿಗೆ ಮತ್ತೆ ಒಂದು ಪೈಸೆ ಇಲ್ಲ. ತಟ್ಟೆಯ ರಾಯಲ್ಟಿ ಹೋಗುತ್ತಿದ್ದದ್ದು ನಿರ್ಮಾಪಕರಿಗೆ. ಅದರಲ್ಲಿ ಶೇಕಡ 5ರಷ್ಟನ್ನು ಕೆಲವು ದೊಡ್ಡ ಸಂಗೀತ ನಿರ್ದೇಶಕರು ಗಟ್ಟಿಯಾಗಿ ಕೇಳಿ ಪಡೆಯುತ್ತಿದ್ದರು. ಆ ಐದರಲ್ಲಿ ಅರ್ಧ ಗಾಯಕರಿಗೆ ಬರಬೇಕು ಎಂಬುದು ಲತಾ ಅವರ ಪಟ್ಟು. ತಾವು ಒಬ್ಬರಿಗೆ ಇದು ಸಿಕ್ಕರೆ ಸಾಲದು, ಹಾಡುವವರೆಲ್ಲರಿಗೂ ಸಿಗಬೇಕು ಎಂದು ಅವರು ವಾದಿಸಿದರು. ಮುಕೇಶ್, ತಲತ್ ಮೆಹಮೂದ್ ಮೊದಲಾದವರು ಅವರ ಜೊತೆ ನಿಂತರು. ಗಂಡಸರ ಪೈಕಿ ಎಲ್ಲರಿಗಿಂತ ಹೆಚ್ಚು ಬೇಡಿಕೆಯಿದ್ದ ರಫಿ ಅವರೂ ದನಿಗೂಡಿಸಿದರೆ ನಿರ್ಮಾಪಕರು ಬಗ್ಗಲೇಬೇಕು ಎಂಬ ಲೆಕ್ಕ.

ರಫಿ ಒಪ್ಪಲಿಲ್ಲ. ಅವರ ಯೋಚನೆ ಬೇರೆ. ಹಾಡು ನಿಲ್ಲುತ್ತದೋ ಬೀಳುತ್ತದೋ ಎಂಬ ಅಪಾಯ ಹೊರುವವನು ನಿರ್ಮಾಪಕ. ರಾಗ ಹುಟ್ಟಿಸುವವನು ಸಂಗೀತ ನಿರ್ದೇಶಕ. ತಾನು ಹಾಡಲು ಒಪ್ಪಿದ ದುಡ್ಡು ಕೈಗೆ ಬಂದ ಮೇಲೆ ತನ್ನ ಹಕ್ಕು ಅಲ್ಲಿಗೆ ತೀರಿತು. ಚಿತ್ರ ಸೋತರೆ ತಾನು ದುಡ್ಡು ಮರಳಿಸುವುದಿಲ್ಲವಲ್ಲ, ಗೆದ್ದಾಗ ಮಾತ್ರ ಪಾಲು ಕೇಳುವುದು ಯಾವ ನ್ಯಾಯ? ಇದು ಅವರ ನಿಲುವಿನ ಸಾರ.

ನಮ್ಮಲ್ಲಿ ಎಷ್ಟೋ ಜನ ಇದನ್ನು ಕೇಳಿದ ಕೂಡಲೇ ರಫಿ ಸಾಹೇಬರು ಪಾಪದವರು, ವ್ಯವಹಾರ ತಿಳಿಯದವರು ಎಂದುಬಿಡುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಕೈಯಲ್ಲಿ ದುಡ್ಡಿಲ್ಲದ ಹೊಸ ಸಂಗೀತ ನಿರ್ದೇಶಕರಿಗೆ ಹೆಸರಿಗೊಂದು ರೂಪಾಯಿ ತೆಗೆದುಕೊಂಡು ಅಥವಾ ಅದೂ ಇಲ್ಲದೆ ಹಾಡಿಕೊಟ್ಟವರು ಅವರು ಎಂದು ಚಿತ್ರರಂಗದ ಹಳಬರು ಈಗಲೂ ಹೇಳುತ್ತಾರೆ. ಸಿಗರೇಟಿಲ್ಲ, ಕುಡಿತವಿಲ್ಲ, ಪಾರ್ಟಿಗಳ ಗೀಳಿಲ್ಲ. ರೆಕಾರ್ಡಿಂಗ್ ಮುಗಿಸಿ ಸೀದಾ ಬಾಂದ್ರಾದ ಮನೆ. ಕೇರಂ, ಬ್ಯಾಡ್ಮಿಂಟನ್, ಗಾಳಿಪಟ. ಮಾತು ಎಷ್ಟು ಮೆಲ್ಲಗೆಂದರೆ ಅದೇ ಗಂಟಲಿನಿಂದ ತಾರಸಪ್ತಕ ಹೊರಡುತ್ತದೆಂದು ನಂಬಲಾಗುತ್ತಿರಲಿಲ್ಲವಂತೆ. ಇಂಥವರು ಹಿಡಿದ ನಿಲುವು ಅಜ್ಞಾನದ್ದಲ್ಲ, ಒಂದು ಬಗೆಯ ಮರ್ಯಾದೆಯದು. ಒಪ್ಪಿದ ಮಾತಿಗೆ ಮೇಲೆ ಕೇಳಬಾರದು ಎಂಬ ಹಳೆಯ ಕಾಲದ ಮರ್ಯಾದೆ.

ಲತಾ ಅವರ ನಿಲುವೂ ಆಸೆಬುರುಕತನದ್ದಲ್ಲ. ಮಹಲ್ ಚಿತ್ರದ ತಟ್ಟೆಯ ಮೇಲೆ ಮೊದಲು ಅಚ್ಚಾದದ್ದು ಲತಾ ಎಂಬ ಹೆಸರಲ್ಲ, ಚಿತ್ರದ ಪಾತ್ರದ ಹೆಸರಾದ ಕಾಮಿನಿ. ಹಾಡಿದವರಿಗೆ ಹೆಸರೇ ಇಲ್ಲದ ಕಾಲ ಅದು. 1957ರಲ್ಲಿ ಚೋರಿ ಚೋರಿ ಚಿತ್ರದ ಸಂಗೀತಕ್ಕಾಗಿ ಶಂಕರ್ ಜೈಕಿಶನ್ ಅವರಿಗೆ ಫಿಲ್ಮ್‌ಫೇರ್ ಪ್ರಶಸ್ತಿ ಬಂದಾಗ, ಹಿನ್ನೆಲೆ ಗಾಯಕರಿಗೆಂದು ಪ್ರಶಸ್ತಿಯೇ ಇಲ್ಲದ ಸಭೆಯಲ್ಲಿ ತಾನು ಹಾಡುವುದಿಲ್ಲ ಎಂದು ಲತಾ ಪಟ್ಟು ಹಿಡಿದರು. 1959ರಿಂದ ಗಾಯಕರಿಗೂ ಪ್ರಶಸ್ತಿ ಶುರುವಾಯಿತು. ಚೌದ್‌ವೀ ಕಾ ಚಾಂದ್ ಚಿತ್ರದ ಹಾಡಿಗೆ ರಫಿ ಅವರಿಗೆ ಮೊದಲ ಫಿಲ್ಮ್‌ಫೇರ್ ಬಂದದ್ದು ಇದೇ ವಿಭಾಗದಲ್ಲಿ. ಒಬ್ಬರು ಹಟ ಹಿಡಿದು ತೆಗೆಸಿದ ಬಾಗಿಲಲ್ಲಿ ಇನ್ನೊಬ್ಬರು ನಡೆದು ಬಂದ ಹಾಗಾಯಿತು. ಇದನ್ನು ನೆನಪಿಟ್ಟುಕೊಂಡರೆ ಮುಂದಿನ ಜಗಳದಲ್ಲಿ ಯಾರನ್ನೂ ಸುಲಭವಾಗಿ ತೆಗಳಲಾಗುವುದಿಲ್ಲ.

ಗಾಯಕರ ಸಭೆಯೊಂದರಲ್ಲಿ ಮಾತಿಗೆ ಮಾತು ಬೆಳೆಯಿತು. ಇನ್ನು ಒಟ್ಟಿಗೆ ಹಾಡುವುದಿಲ್ಲ ಎಂಬಲ್ಲಿಗೆ ಬಂದು ನಿಂತಿತು. ಅಷ್ಟೇ. ಕೋರ್ಟು ಕಚೇರಿ ಇಲ್ಲ, ಪತ್ರಿಕಾಗೋಷ್ಠಿ ಇಲ್ಲ. ಎರಡು ಕಂಠಗಳ ನಡುವೆ ಒಂದು ಗೋಡೆ ಎದ್ದಿತು.

ಗೋಡೆಯ ಎರಡೂ ಕಡೆ ಕೆಲಸ ನಿಲ್ಲಲಿಲ್ಲ. 1965ರ ಗೈಡ್ ಚಿತ್ರವನ್ನೇ ನೋಡಿ. ಸಚಿನ್‌ದೇವ್ ಬರ್ಮನ್ ಅವರ ಸಂಗೀತ. ಲತಾ ಹಾಡಿದ್ದಾರೆ, ರಫಿ ಹಾಡಿದ್ದಾರೆ, ಇಬ್ಬರ ಹಾಡುಗಳೂ ಅಜರಾಮರ. ಆದರೆ ಇಬ್ಬರೂ ಕೂಡಿ ಹಾಡಿದ್ದು ಒಂದೂ ಇಲ್ಲ. ಆ ಚಿತ್ರದ ಯುಗಳಗೀತೆಯಲ್ಲಿ ಲತಾ ಜೊತೆ ಇರುವುದು ಕಿಶೋರ್ ಕುಮಾರ್. 1964ರ ವೋ ಕೌನ್ ಥೀ ಚಿತ್ರದಲ್ಲಿ ಮದನ್ ಮೋಹನ್ ಅವರು ಲತಾ ಜೊತೆ ಮಹೇಂದ್ರ ಕಪೂರ್ ಅವರನ್ನು ಹಾಡಿಸಿದರು. ರಫಿ ಅವರ ಪಕ್ಕದಲ್ಲಿ ಆಶಾ ಭೋಸ್ಲೆ ನಿಂತರು. ಮತ್ತೊಬ್ಬರೂ ನಿಂತರು. ಆ ಮತ್ತೊಬ್ಬರ ಹೆಸರು ಹೇಳುವಾಗ ಕುಂದಾಪುರ ಕಡೆಯವನಾದ ನನಗೆ ಸ್ವಲ್ಪ ಎದೆಯುಬ್ಬುತ್ತದೆ.

ಕುಂದಾಪುರದಿಂದ ಬೈಂದೂರಿನ ಕಡೆ ಬಸ್ಸಿನಲ್ಲಿ ಹೊರಟರೆ ಹೊಳೆಗಳ ಸೇತುವೆ ದಾಟಿದ ಮೇಲೆ ಹೆಮ್ಮಾಡಿ ಸಿಗುತ್ತದೆ. ಕೊಲ್ಲೂರಿಗೆ ತಿರುಗುವವರು ಅಲ್ಲೇ ತಿರುಗುವುದು. ಚಳಿಗಾಲದಲ್ಲಿ ಹೆಮ್ಮಾಡಿ ಸೇವಂತಿಗೆಗೆ ಹೆಸರಾದ ಊರು. ಆ ಊರಿನ ಹೆಸರನ್ನು ಹೊತ್ತ ಸಾರಸ್ವತ ಮನೆತನದ ಶಂಕರರಾವ್ ಹೆಮ್ಮಾಡಿ ಅವರು ಸೆಂಟ್ರಲ್ ಬ್ಯಾಂಕಿನ ಕೆಲಸದ ಮೇಲೆ ಢಾಕಾದಲ್ಲಿದ್ದಾಗ, 1937ರಲ್ಲಿ, ಸುಮನ್ ಹುಟ್ಟಿದರು. 1943ರಲ್ಲಿ ಕುಟುಂಬ ಮುಂಬಯಿಗೆ ಬಂತು. ಜೆ.ಜೆ. ಕಲಾಶಾಲೆಯಲ್ಲಿ ಚಿತ್ರಕಲೆ ಕಲಿಯಲು ಹೊರಟಿದ್ದ ಹುಡುಗಿ ಹಾಡುಗಾರ್ತಿಯಾಗಿ, ಮದುವೆಯಾದ ಮೇಲೆ ಸುಮನ್ ಕಲ್ಯಾಣಪುರ್ ಎಂದು ಹೆಸರಾದರು. ಕಂಠ ಲತಾ ಅವರದಕ್ಕೆ ಎಷ್ಟು ಹತ್ತಿರವೆಂದರೆ, ರೇಡಿಯೋದಲ್ಲಿ ಕೇಳಿದವರು ಇಂದಿಗೂ ಮೋಸಹೋಗುತ್ತಾರೆ.

ದಿಲ್ ಏಕ್ ಮಂದಿರ್, ರಾಜಕುಮಾರ್, ಸಾಂಝ್ ಔರ್ ಸವೇರಾ, ಜಬ್ ಜಬ್ ಫೂಲ್ ಖಿಲೇ, ಬ್ರಹ್ಮಚಾರಿ. ಈ ಚಿತ್ರಗಳಲ್ಲಿ ರಫಿ ಜೊತೆಗಿನ ಹಾಡುಗಳನ್ನು ಲತಾ ಹಾಡಿದ್ದೆಂದು ನೀವು ಅಂದುಕೊಂಡಿದ್ದರೆ ಇನ್ನೊಮ್ಮೆ ಕೇಳಿ. ಅದು ಸುಮನ್. ಎರಡು ದೊಡ್ಡ ಮರಗಳ ನಡುವೆ ಬಿರುಕು ಬಿಟ್ಟ ಜಾಗದಲ್ಲಿ ಬೆಳಕು ಬಿದ್ದು ಒಂದು ಬಳ್ಳಿ ಹಬ್ಬಿತು. ಮರಗಳು ಮತ್ತೆ ಕೂಡಿಕೊಂಡ ಮೇಲೆ ಆ ಬಳ್ಳಿಗೆ ಬೆಳಕು ಕಡಿಮೆಯಾಯಿತು ಎಂಬುದೂ ನಿಜ. 2023ರಲ್ಲಿ ಅವರಿಗೆ ಪದ್ಮಭೂಷಣ ಬಂದಾಗ ನಮ್ಮ ಕರಾವಳಿಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಅಭಿನಂದನೆಯ ಮಳೆ ಸುರಿಯಿತು. ಅವರಿಗೆ ಆ ಅವಕಾಶಗಳು ಬಂದದ್ದು ಯಾವ ಜಗಳದ ನಡುವೆ ಎಂದು ಬರೆದವರು ಕಡಿಮೆ.

ಇಂಥ ಜಗಳ ದೊಡ್ಡವರ ನಡುವೆ ಮಾತ್ರ ಆಗುತ್ತದೆಂದು ತಿಳಿಯಬೇಡಿ. ನನ್ನ ಪರಿಚಯದ ಇಬ್ಬರಿದ್ದಾರೆ. ಒಬ್ಬರು ಶಿರಸಿಯವರು, ಇನ್ನೊಬ್ಬರು ಬಳ್ಳಾರಿಯವರು. ಒಂದೇ ಕಂಪನಿ, ಒಂದೇ ತಂಡ. ಇಬ್ಬರೂ ರಾತ್ರಿ ಹಗಲು ಕೂತು ಬರೆದ ಒಂದು ತಂತ್ರಾಂಶವನ್ನು ಕಂಪನಿ ನಾಲ್ಕಾರು ಗಿರಾಕಿಗಳಿಗೆ ಮಾರಿತು. ಇವರಿಗೆ ಸಿಕ್ಕಿದ್ದು ಆ ವರ್ಷದ ಬೋನಸ್ ಮತ್ತು ಒಂದು ಗಾಜಿನ ಫಲಕ. ಶಿರಸಿಯವರು ಪಾಲು ಕೇಳೋಣ ಎಂದರು. ಬಳ್ಳಾರಿಯವರು ಸಂಬಳ ತಗೊಂಡಾಯ್ತಲ್ಲ, ಮತ್ತೇನು ಕೇಳೋದು ಎಂದರು. ಮಾತು ಬಿಟ್ಟರು. ಈಗಲೂ ಬೆಳಗ್ಗೆ ಡೊಂಬಿವಲಿಯಿಂದ ಒಂದೇ ಫಾಸ್ಟ್ ಲೋಕಲ್ ಹಿಡಿಯುತ್ತಾರೆ, ಬೇರೆ ಬೇರೆ ಡಬ್ಬಿಯಲ್ಲಿ. ಕಾಗದಪತ್ರ ಓದುವವನೆಂದು ಇಬ್ಬರೂ ಬೇರೆ ಬೇರೆಯಾಗಿ ನನ್ನ ಹತ್ತಿರ ಬಂದು ನ್ಯಾಯ ಕೇಳಿದ್ದಾರೆ. ಅವರು ಸಹಿ ಹಾಕಿದ ಒಪ್ಪಂದ ಓದಿದರೆ ಬಳ್ಳಾರಿಯವರು ಸರಿ. ಆ ಒಪ್ಪಂದವೇ ಸರಿಯೇ ಎಂದು ಕೇಳಿದರೆ ಶಿರಸಿಯವರು ಸರಿ. ರಫಿ ಮತ್ತು ಲತಾ ಕಥೆಯೂ ಇದೇ. ಒಬ್ಬರು ಇದ್ದ ಒಪ್ಪಂದಕ್ಕೆ ನಿಷ್ಠರಾಗಿದ್ದರು, ಇನ್ನೊಬ್ಬರು ಇರಬೇಕಾದ ಒಪ್ಪಂದಕ್ಕೆ.

ಹಾಗಾದರೆ ಅವರು ಮತ್ತೆ ಒಂದಾದದ್ದು ಹೇಗೆ? ಇದರ ಬಗ್ಗೆ ಎರಡು ಮಾತಿದೆ. ರಫಿ ಅವರು ಕ್ಷಮೆ ಕೇಳಿ ಪತ್ರ ಬರೆದರು ಎಂದು ಲತಾ ಅವರು 2012ರಲ್ಲಿ ಹೇಳಿಕೊಂಡರು. ಅಂಥ ಪತ್ರವಿದ್ದರೆ ತೋರಿಸಲಿ ಎಂದು ರಫಿ ಅವರ ಮಗ ಕೂಡಲೇ ಪ್ರತಿಭಟಿಸಿದರು. ಯಾರು ಮಧ್ಯಸ್ಥಿಕೆ ವಹಿಸಿದರು ಎಂಬುದಕ್ಕೂ ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ. ಆದರೆ ಎಲ್ಲರೂ ಒಪ್ಪುವ ಸಂಗತಿ ಇಷ್ಟು. 1967ರಲ್ಲಿ ಸಚಿನ್‌ದೇವ್ ಬರ್ಮನ್ ಅವರ ಗೌರವಾರ್ಥ ನಡೆದ ಸಂಗೀತ ಸಂಜೆಯಲ್ಲಿ ಇಬ್ಬರೂ ವೇದಿಕೆ ಹತ್ತಿ, ಜ್ಯುವೆಲ್ ಥೀಫ್ ಚಿತ್ರದ ಯುಗಳಗೀತೆಯನ್ನು ಒಟ್ಟಿಗೆ ಹಾಡಿದರು. ಗೈಡ್‌ನಲ್ಲಿ ಇಬ್ಬರನ್ನೂ ಬೇರೆ ಬೇರೆಯಾಗಿ ಹಾಡಿಸಬೇಕಾಗಿ ಬಂದ ಬರ್ಮನ್ ದಾದಾ, ನವಕೇತನ್ ಸಂಸ್ಥೆಯ ಮುಂದಿನ ಚಿತ್ರಗಳಲ್ಲೊಂದರಲ್ಲೇ ಅವರನ್ನು ಮತ್ತೆ ಒಂದು ಮೈಕಿಗೆ ತಂದರು.

ನನ್ನ ಗಮನ ಸೆಳೆಯುವುದು ಬೇರೆ ಒಂದು ಸಂಗತಿ. ರಾಜಿಯಾದರು ನಿಜ, ಆದರೆ ರಾಯಲ್ಟಿಯ ಪ್ರಶ್ನೆ ಬಗೆಹರಿಯಲಿಲ್ಲ. ಲತಾ ಅವರು ತಮ್ಮ ಬೇಡಿಕೆ ಕೈಬಿಡಲಿಲ್ಲ. ರಫಿ ಅವರು ತಮ್ಮ ನಂಬಿಕೆ ತಪ್ಪೆಂದು ಎಲ್ಲೂ ಬಹಿರಂಗವಾಗಿ ಸಾರಲಿಲ್ಲ. ಯಾರು ಸರಿ ಎಂಬುದನ್ನು ಬದಿಗಿಟ್ಟು ಹಾಡಿದರು. ಮುಂದೆ ಇನ್ನೊಂದು ಸಲ ಕೊಸರಾಟವೂ ನಡೆಯಿತು. ಜಗತ್ತಿನಲ್ಲೇ ಅತಿ ಹೆಚ್ಚು ಹಾಡು ಧ್ವನಿಮುದ್ರಿಸಿದವರೆಂದು ಗಿನ್ನೆಸ್ ಪುಸ್ತಕ 1974ರಲ್ಲಿ ಲತಾ ಅವರ ಹೆಸರು ಹಾಕಿದಾಗ, ತಾನು ಅದಕ್ಕಿಂತ ಹೆಚ್ಚು ಹಾಡಿದ್ದೇನೆಂದು ರಫಿ ಪತ್ರ ಬರೆದರು. ಇಬ್ಬರ ಹೆಸರಿನಲ್ಲಿ ಓಡಾಡುತ್ತಿದ್ದ ಇಪ್ಪತ್ತೈದು ಸಾವಿರ, ಇಪ್ಪತ್ತೆಂಟು ಸಾವಿರದಂಥ ಲೆಕ್ಕಗಳು ಉತ್ಪ್ರೇಕ್ಷೆಯವು ಎಂದು ಹಾಡುಗಳನ್ನು ಒಂದೊಂದಾಗಿ ಎಣಿಸಿದವರು ಆಮೇಲೆ ತೋರಿಸಿದರು. ಮೆಲುಮಾತಿನ ಮನುಷ್ಯನಿಗೂ ತನ್ನ ದುಡಿಮೆಯ ಲೆಕ್ಕದ ಬಗ್ಗೆ ಅಭಿಮಾನವಿತ್ತು. ಅದು ನನಗೆ ಇಷ್ಟವಾಗುತ್ತದೆ. ದೇವರಂಥ ಮನುಷ್ಯ ಎಂದು ಹಾರ ಹಾಕಿ ಕೂರಿಸುವುದಕ್ಕಿಂತ, ಜಗಳವಾಡಿಯೂ ಜೊತೆಗೆ ಹಾಡಿದ ಮನುಷ್ಯ ಎಂದು ನೆನೆಯುವುದು ಲೇಸು.

ಅದೇ 1967ರಲ್ಲಿ ಕನ್ನಡಿಗರ ಪಾಲಿಗೆ ಒಂದು ಅಪರೂಪ ಕೂಡಿಬಂತು. ಒಂದೇ ಬಳ್ಳಿಯ ಹೂಗಳು ಚಿತ್ರಕ್ಕೆ ಸತ್ಯಂ ಅವರ ಸಂಗೀತದಲ್ಲಿ ರಫಿ ಕನ್ನಡದಲ್ಲಿ ಹಾಡಿದರು. ಅಗಲಿಕೆಯ ನೋವಿನ ಹಾಡು. ಕೆಲವು ಅಕ್ಷರಗಳು ಪಂಜಾಬಿನ ಕಡೆ ವಾಲಿದರೂ ಆ ನೋವು ನಮ್ಮದೇ ಭಾಷೆಯಲ್ಲಿ ನಾಟುತ್ತದೆ. ಅದೇ ವರ್ಷ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ಚಿತ್ರಕ್ಕೆ ಲಕ್ಷ್ಮಣ ಬೆರ್ಳೇಕರ್ ಅವರ ಸಂಗೀತದಲ್ಲಿ ಲತಾ ಕನ್ನಡದಲ್ಲಿ ಹಾಡಿದರು. ಅಲ್ಲಿ ಹಿಂದಿಯಲ್ಲಿ ಇಬ್ಬರೂ ಕೂಡಿಕೊಂಡ ವರ್ಷವೇ ಇಲ್ಲಿ ಕನ್ನಡಕ್ಕೂ ಬಂದರು, ಬೇರೆ ಬೇರೆ ಬಾಗಿಲಿನಿಂದ. ಮಾಟುಂಗಾದಲ್ಲಿ ಇಡ್ಲಿ ತಿನ್ನುತ್ತಾ ಕನ್ನಡದ ಗೆಳೆಯರು ಹಳೆಯ ಹಾಡುಗಳ ಮಾತೆತ್ತಿದಾಗಲೆಲ್ಲ, ಇಬ್ಬರೂ ಸೇರಿ ಕನ್ನಡದಲ್ಲಿ ಒಂದು ಹಾಡಿದ್ದರೆ ಹೇಗಿರುತ್ತಿತ್ತು ಎಂದು ಯಾರಾದರೊಬ್ಬರು ಕೇಳದೆ ಇರುವುದಿಲ್ಲ.

ರಫಿ ಅವರಿಗೆ ಪದ್ಮಶ್ರೀ ಬಂದದ್ದೂ ಅದೇ 1967ರಲ್ಲಿ. ಎರಡೇ ವರ್ಷಕ್ಕೆ ಗಾಳಿ ತಿರುಗಿತು. 1969ರ ಆರಾಧನಾ ಚಿತ್ರದಲ್ಲಿ ರಫಿ ಅವರ ಎರಡು ಯುಗಳಗೀತೆಗಳಿದ್ದವು, ಒಂದು ಲತಾ ಜೊತೆ, ಒಂದು ಆಶಾ ಜೊತೆ. ಆದರೆ ದೇಶ ಗುನುಗಿದ್ದು ಕಿಶೋರ್ ಕುಮಾರ್ ಹಾಡುಗಳನ್ನು. ಮುಂದಿನ ಐದಾರು ವರ್ಷ ನಿರ್ಮಾಪಕರು ಕಿಶೋರ್ ಮನೆಯ ಮುಂದೆ ಸಾಲುಗಟ್ಟಿದರು. ರಫಿ ದೂರಲಿಲ್ಲ, ಬಂದ ಹಾಡು ಹಾಡುತ್ತಾ ಕಾದರು. 1976ರ ಲೈಲಾ ಮಜ್ನು, 1977ರ ಹಮ್ ಕಿಸೀಸೆ ಕಮ್ ನಹೀಂ ಅವರನ್ನು ಮತ್ತೆ ಮುಂದಿನ ಸಾಲಿಗೆ ತಂದವು. ಎರಡನೆಯದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು, ಆರನೆಯ ಫಿಲ್ಮ್‌ಫೇರ್ ಕೂಡ.

ಅದೇ 1977ರಲ್ಲಿ ಬಂದ ಅಮರ್ ಅಕ್ಬರ್ ಆಂಥನಿ ಚಿತ್ರದಲ್ಲಿ ಒಂದು ಹಾಡಿದೆ. ಲಕ್ಷ್ಮೀಕಾಂತ್ ಪ್ಯಾರೇಲಾಲ್ ಅವರ ಸಂಗೀತ. ವಿನೋದ್ ಖನ್ನಾಗೆ ಮುಕೇಶ್, ಅಮಿತಾಭ್‌ಗೆ ಕಿಶೋರ್, ರಿಷಿ ಕಪೂರ್‌ಗೆ ರಫಿ, ಮೂವರು ನಾಯಕಿಯರಿಗೂ ಸೇರಿ ಲತಾ. ಆ ನಾಲ್ವರೂ ಒಂದೇ ಹಾಡಿನಲ್ಲಿ ಇರುವುದು ಅದೊಂದರಲ್ಲೇ. ಪಾಶ್ಚಾತ್ಯ ರಾಕ್ ಸಂಗೀತದಲ್ಲಿ ಬೇರೆ ಬೇರೆ ತಂಡಗಳ ದಿಗ್ಗಜರು ಸೇರಿ ಕಟ್ಟುವ ಮಹಾತಂಡಗಳಿವೆ. ಕಟ್ಟುತ್ತವೆ, ಒಡೆಯುತ್ತವೆ, ಹತ್ತು ವರ್ಷದ ಮೇಲೆ ಮತ್ತೆ ಕೂಡುತ್ತವೆ. ನಮ್ಮ ಮುಂಬಯಿಯಲ್ಲಿ ಅಂಥ ಒಂದು ಮಹಾತಂಡ ಇದ್ದದ್ದು ಈ ಒಂದೇ ಹಾಡಿನಷ್ಟು ಹೊತ್ತು. ರಾಯಲ್ಟಿಯ ಜಗಳದಲ್ಲಿ ಲತಾ ಪಕ್ಕ ನಿಂತಿದ್ದ ಮುಕೇಶ್, ಎದುರು ನಿಂತಿದ್ದ ರಫಿ, ರಫಿಯ ಜಾಗಕ್ಕೆ ಬಂದ ಕಿಶೋರ್, ಎಲ್ಲರೂ ಅದರಲ್ಲಿದ್ದಾರೆ. ಆ ಚಿತ್ರ ತೆರೆಗೆ ಬರುವ ಹೊತ್ತಿಗೆ ಮುಕೇಶ್ ಇರಲಿಲ್ಲ. 1976ರ ಆಗಸ್ಟಿನಲ್ಲಿ, ಲತಾ ಜೊತೆ ಅಮೆರಿಕ ಪ್ರವಾಸದಲ್ಲಿದ್ದಾಗ, ಡೆಟ್ರಾಯಿಟ್‌ನಲ್ಲಿ ತೀರಿಕೊಂಡಿದ್ದರು. ಇನ್ನೊಮ್ಮೆ ನಾಲ್ವರು ಸೇರುವ ಮಾತೇ ಉಳಿಯಲಿಲ್ಲ.

ರಫಿ ಅವರ ಸರದಿ ನಾಲ್ಕು ವರ್ಷಕ್ಕೆ ಬಂತು. ಆಸ್ ಪಾಸ್ ಚಿತ್ರಕ್ಕೆ ಹಾಡಿದ್ದು ಕೊನೆಯ ದಿನಗಳ ಕೆಲಸ. 1980ರ ಜುಲೈ 31ರ ರಾತ್ರಿ ಹೃದಯಾಘಾತ. ವಯಸ್ಸು ಐವತ್ತೈದು. ರಂಜಾನ್ ತಿಂಗಳು, ಮರುದಿನ ಶುಕ್ರವಾರ. ಧಾರಾಕಾರ ಮಳೆಯಲ್ಲಿ ಬಾಂದ್ರಾದಿಂದ ಜುಹೂ ಸ್ಮಶಾನದವರೆಗೆ ಹತ್ತು ಸಾವಿರಕ್ಕೂ ಹೆಚ್ಚು ಜನ ನಡೆದರು. ಸರ್ಕಾರ ಎರಡು ದಿನ ಶೋಕ ಸಾರಿತು.

ವಾದದಲ್ಲಿ ಕೊನೆಗೆ ಗೆದ್ದದ್ದು ಲತಾ ಎನ್ನಬೇಕು. 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿಯಾಯಿತು. ಗೀತರಚನೆಕಾರರು ಮತ್ತು ಸಂಗೀತ ನಿರ್ದೇಶಕರ ರಾಯಲ್ಟಿ ಹಕ್ಕನ್ನು ಇನ್ನು ಯಾವ ಒಪ್ಪಂದವೂ ಪೂರ್ತಿ ಬರೆಸಿಕೊಳ್ಳುವಂತಿಲ್ಲ. ಹಾಡಿದವರಿಗೂ ವಾಣಿಜ್ಯ ಬಳಕೆಯಲ್ಲಿ ರಾಯಲ್ಟಿಯ ಹಕ್ಕು ಬಂತು. 2013ರಲ್ಲಿ ಗಾಯಕರ ಹಕ್ಕುಗಳ ಸಂಘ ಹುಟ್ಟಿದಾಗ ಅದರ ಮುಂದಾಳುಗಳಲ್ಲಿ ಲತಾ ಅವರೂ ಇದ್ದರು. ಅಂದು ಐದರಲ್ಲಿ ಅರ್ಧ ಕೇಳಿದ್ದಕ್ಕೆ ನಾಲ್ಕು ವರ್ಷ ಮಾತು ಬಿಡಬೇಕಾಯಿತು. ಅರ್ಧ ಶತಮಾನದ ಮೇಲೆ ಅದೇ ಬೇಡಿಕೆ ಕಾನೂನಿನ ಪುಟದಲ್ಲಿ ಕುಳಿತಿದೆ. ಈಗ ನನ್ನ ಮೇಜಿಗೆ ಬರುವ ಒಪ್ಪಂದಗಳಲ್ಲಿ ಆ ಕಲಂ ಇದೆಯೇ ಎಂದು ಮೊದಲು ನೋಡುತ್ತೇನೆ. ಇಲ್ಲದಿದ್ದರೆ ಸೇರಿಸಿ ಎಂದು ಬರೆಯುತ್ತೇನೆ.

ರಫಿ ಅವರ ಸಮಾಧಿ ಈಗ ಇಲ್ಲ. 2010ರಲ್ಲಿ ಹೊಸ ಶವಗಳಿಗೆ ಜಾಗ ಸಾಲದೆ ಜುಹೂ ಸ್ಮಶಾನದ ಹಳೆಯ ಗೋರಿಗಳನ್ನು ತೆಗೆಯಬೇಕಾಯಿತು. ಮಧುಬಾಲಾ, ಸಾಹಿರ್ ಅವರ ಗೋರಿಗಳೂ ಹೋದವು. ಮುಂಬಯಿಯಲ್ಲಿ ಬದುಕಿದವರಿಗೆ ಹೇಗೋ ಹಾಗೆ ಸತ್ತವರಿಗೂ ಜಾಗದ ಅಭಾವ. ಡಿಸೆಂಬರ್ 24ಕ್ಕೆ ಮತ್ತು ಜುಲೈ 31ಕ್ಕೆ ಅಲ್ಲಿಗೆ ಹೋಗುವ ಅಭಿಮಾನಿಗಳು, ಗೋರಿ ಇದ್ದ ಜಾಗಕ್ಕೆ ಹತ್ತಿರದ ಒಂದು ತೆಂಗಿನಮರವನ್ನು ಗುರುತಿಟ್ಟುಕೊಂಡು ಅದರ ಬುಡದಲ್ಲಿ ಹೂವಿಡುತ್ತಾರೆ. ತೆಂಗಿನಮರದ ನೆರಳು ಕಂಡರೆ ಕರಾವಳಿಯವರಿಗೆ ಊರು ನೆನಪಾಗುತ್ತದೆ. ಮುಂದಿನ ಜುಲೈ 31ಕ್ಕೆ ನಿಮ್ಮ ಕಡೆ ರಫಿ ಸಂಜೆ ನಡೆದರೆ ಜ್ಯುವೆಲ್ ಥೀಫ್‌ನ ಆ ಯುಗಳಗೀತೆ ಹಾಡಿ ಎಂದು ಒಂದು ಚೀಟಿ ಕಳಿಸಿ. ಹಾಡು ಮುಗಿಯುವ ಹೊತ್ತಿಗೆ, ನೀವು ಮಾತು ಬಿಟ್ಟವರ ಪೈಕಿ ಒಂದು ಮುಖವಾದರೂ ಕಣ್ಣ ಮುಂದೆ ಬಂದಿರುತ್ತದೆ.